ಎಡಬದಿ

ಮೂವತ್ತೊಂದು ಅಂಗಡಿ, ಹತ್ತೊಂಬತ್ತಕ್ಕೆ ಹಲಗೆ ಬಡಿದಿದೆ.
ಎಣಿಸಿದವಳು ನಾನು, ಸಮಿತಿಯ ನಡಾವಳಿ ಬರೆಯುವವಳು,
ಮಾರ್ಚಿಯ ಮಳೆಯಲ್ಲಿ, ಪೆನ್ಸಿಲ್ಲಿನಲ್ಲಿ.
ಪೆನ್ನಿನದು ವೇಲ್ಸಿನಲ್ಲಿ ಮನೆ ಮುಟ್ಟುವುದಿಲ್ಲ.

ಬೀದಿಯ ತುದಿಗೆ ಸ್ಲೇಟುಕಲ್ಲಿನ ಗುಡ್ಡ:
ಬೆಟ್ಟ ಬಗೆದು ತೆಗೆದದ್ದರಲ್ಲಿ ಹತ್ತಕ್ಕೆ ಒಂಬತ್ತು ಪಾಲು
ಯಾವ ಮಾಡಿಗೂ ಒದಗದೆ ಇಲ್ಲೇ ಸುರಿದದ್ದು.
ದೂರದೂರದ ಪಟ್ಟಣಗಳಿಗೆ ಸೂರು ಹೊದಿಸಿದ ಊರು ಇದು,
ಅಂಚೆಕಚೇರಿಯೊಳಗೆ ಈಗ ನಾಲ್ಕು ಬಕೆಟ್ಟು.

ಸಿಕ್ಕ ದುಡ್ಡು ಬಣ್ಣಕ್ಕೆ, ಆರು ಬೆಂಚಿಗೆ,
ಹೂವಿನ ತೊಟ್ಟಿಗೆ ಸರಿಹೋಯಿತು.
ಮೊದಲ ಜಗಳ ಬಣ್ಣದ್ದು.
ಬೂದು, ಅಂದ ಇದ್ವಲ್, ಇಲ್ಲಿ ಯಾವತ್ತೂ ಬೂದು.
ಕ್ಷೌರದಂಗಡಿಯ ಶೆವ್ಕೆತ್ ಎದ್ದು ನಿಂತ:
"ಆಕಾಶ ಬೂದು, ರಸ್ತೆ ಬೂದು, ತಪ್ಪು ತಿಳಿಯಬೇಡಿ, ನೀವೂ ಬೂದು.
ನನ್ನ ಬಾಗಿಲಾದರೂ ಹಳದಿ ಇರಲಿ."
ಎರಡು ಗಂಟೆ, ಮೂರು ಕೆಟಲು ಚಹಾ.
ನಡಾವಳಿಯಲ್ಲಿ: ಬಣ್ಣದ ಬಗ್ಗೆ ಚರ್ಚಿಸಲಾಯಿತು.

ಶನಿವಾರ ಶನಿವಾರ ಕೆರೆದೆವು.
ಹಳೇ ದಿನಸಿ ಅಂಗಡಿಯ ಪ್ಲಾಸ್ಟಿಕ್ ಬೋರ್ಡು ಕಿತ್ತರೆ ಹಸಿರು,
ಹಸಿರಿನಡಿ ಕೆನೆ, ಕೆನೆಯಡಿ ಒಣಗಿದ ಬೀಟ್‌ರೂಟಿನ ಕೆಂಪು.
ಗ್ವಿಲಿಮನ ಮೊಮ್ಮಗಳು, ಹದಿಮೂರರ ಮಾಬ್ಲಿ,
ಮಹಡಿಯ ಕಿಟಕಿಯನ್ನು ಚೌಕಟ್ಟಿನಿಂದ ಎಬ್ಬಿಸಿದಾಗ
ಸಂದಿಯಿಂದ ಜಾರಿತು ಒಂದು ರಟ್ಟು,
ಅಂಗೈಯಗಲ, ಅಂಚು ಇಲಿ ತಿಂದದ್ದು,
ಅಚ್ಚಿನ ಅಕ್ಷರ, ನಮ್ಮದೇ ನುಡಿ:

ಈ ಮನೆಯಲ್ಲಿ ದ್ರೋಹಿ ಇಲ್ಲ.

ಅವಳಿಗೆ ಹೇಳಬೇಕಾಯಿತು.
ನೂರಿಪ್ಪತ್ತು ವರ್ಷದ ಹಿಂದೆ, ಗಣಿಗೆ ಬೀಗ,
ಮೂರು ಚಳಿಗಾಲ.
ಮಾಲೀಕನಿಗೆ ಬಗ್ಗದವರ ಕಿಟಕಿಯಲ್ಲೆಲ್ಲ ಈ ಕಾರ್ಡು.
ಕಾರ್ಡಿಲ್ಲದ ಕಿಟಕಿ ತಾನಾಗಿಯೇ ಬಾಯಿಬಿಡುತ್ತಿತ್ತು.
ಅವರಿಗೆ ಈ ಅಂಗಡಿಯಲ್ಲಿ ಹಿಟ್ಟಿಲ್ಲ,
ಪ್ರಾರ್ಥನೆಗೆ ಹೋದರೆ ಪಕ್ಕದಲ್ಲಿ ಕೂರುವವರಿಲ್ಲ.
ಬಲಬದಿ ನಮ್ಮದು, ಎಡಬದಿ ಅವರದು;
ಹದಿನೆಂಟು ಅಡಿಯ ಬೀದಿ ಎರಡು ಊರಾಯಿತು.

ಇದ್ವಲ್ ಕಣ್ಣೊರೆಸಿಕೊಂಡ. ಚೌಕಟ್ಟು ಹಾಕಿಸೋಣ, ಅಂದ,
ಇದೇ ಕಿಟಕಿಯಲ್ಲಿ, ಒಂದು ಸಣ್ಣ ದೀಪ ಇಟ್ಟು.
ನೋಡಲು ಜನ ನಿಲ್ಲುತ್ತಾರೆ, ನಿಂತವರು ಕೇಕು ಕೊಳ್ಳುತ್ತಾರೆ.
ಎಲ್ಲರೂ ತಲೆಯಾಡಿಸಿದೆವು. ನಾನೂ.

ಎಲುನೆಡ್ ಬೆಂಚಿನ ಕಾಲಿಗೆ ಮರಳುಕಾಗದ ಉಜ್ಜುತ್ತಿದ್ದಳು.
ಎಪ್ಪತ್ತೆಂಟು. ಒಂದು ಶನಿವಾರವೂ ತಪ್ಪಿಸಿದವಳಲ್ಲ.
ಉಜ್ಜುತ್ತಲೇ ಹೇಳಿದಳು:
"ನಮ್ಮ ಕಿಟಕಿಯಲ್ಲಿ ಇರಲಿಲ್ಲ.
ಮುತ್ತಜ್ಜನಿಗೆ ಐದು ಮಕ್ಕಳು.
ಎರಡನೇ ಚಳಿಗಾಲಕ್ಕೆ ನಾಲ್ಕು.
ಮಣ್ಣು ಮಾಡಿ ಬಂದ ಸೋಮವಾರ ಗಣಿಗೆ ಹೋದ.
ನನ್ನಮ್ಮ ಸಾಯುವತನಕ ಎಡಬದಿಯಲ್ಲೇ ನಡೆದಳು.
ಬಿಸಿಲು ಆ ಕಡೆ ಅಂತ ತಿಳಿದಿದ್ದೆ ನಾನು."

ಮರಳುಕಾಗದದ ಸದ್ದು.
ಶೆವ್ಕೆತ್‌ನ ಕುಂಚದಿಂದ ಹಳದಿ ತೊಟ್ಟಿಕ್ಕುತ್ತಿತ್ತು ಅವನ ಬೂಟಿನ ಮೇಲೆ.
"ಗೊತ್ತಿತ್ತು, ಎಲುನೆಡ್," ಅಂದ ಇದ್ವಲ್. "ಎಲ್ಲರಿಗೂ ಗೊತ್ತು."
"ನಿಮಗೆ ಗೊತ್ತಿದೆ ಅಂತ ನನಗೂ ಗೊತ್ತಿತ್ತು.
ಆ ಡಬ್ಬ ಇತ್ತ ತಳ್ಳು."

ನಡಾವಳಿಯಲ್ಲಿ: ಕಾರ್ಡಿನ ವಿಷಯ ಮುಂದಿನ ಸಭೆಗೆ.
ಆಮೇಲೆ ಅದರ ಮುಂದಿನ ಸಭೆಗೆ.
ಕಾರ್ಡು ಈಗ ನನ್ನ ಮೇಜಿನ ಖಾನೆಯಲ್ಲಿದೆ,
ಬಣ್ಣದಂಗಡಿಯ ರಸೀತಿಗಳ ನಡುವೆ.

ಬಾಗಿಲಿಗೆ ಬಳಿದು ಮಿಕ್ಕ ಹಳದಿ ಬೆಂಚಿಗಾಯಿತು.
ಎಲ್ಲಿಡಬೇಕೆಂದು ಯಾರೂ ಮತ ಹಾಕಲಿಲ್ಲ;
ಇದ್ವಲ್, ಗ್ವಿಲಿಮ್ ಒಂದೊಂದು ತುದಿ ಹಿಡಿದು
ಬಲಬದಿಗೆ, ದಿನಸಿ ಅಂಗಡಿಯ ಎದುರಿಗೇ, ಹೊತ್ತು ತಂದರು.
"ಬಣ್ಣ ಆರಿಲ್ಲ!" ಮಾಬ್ಲಿ ಕೂಗುವಷ್ಟರಲ್ಲಿ
ಎಲುನೆಡ್ ಕೂತುಬಿಟ್ಟಿದ್ದಳು.

ಚಹಾ ಮುಗಿಸಿಯೇ ಎದ್ದಳು.
ಕಪ್ಪು ಕೋಟಿನ ಬೆನ್ನಿಗೆ ಐದು ಹಳದಿ ಪಟ್ಟಿ,
ಮನೆಯ ಕಡೆಗೆ, ಬೀದಿಯ ನಟ್ಟನಡುವೆ.
ಹಿಂದೆ ಬ್ರೆಡ್ಡಿನ ವ್ಯಾನು,
ಹಾರ್ನು ಹಾಕದೆ,
ಅವಳ ನಡಿಗೆಯ ವೇಗದಲ್ಲಿ.